ಮೂರು ನಿಮಿಷದ ಕಡತ

ಕ್ಲಾಕ್ಸ್‌ವೀಕ್ ಬಂದರಿನ ಮೀನು ಹರಾಜು
ಬೆಳಗಿನ ಐದೂಕಾಲಿಗೆ ತೆರೆಯಬೇಕು.
ತೆರೆಯುವುದು ಐದು ಹದಿನೆಂಟಕ್ಕೆ.
ಯಾಕೆಂದು ಯಾರಿಗೂ ಗೊತ್ತಿಲ್ಲ.
"ಹುಡುಕು" ಎಂದಳು ಸುನ್ನೀವ,
ಒಂದು ಪಾಸ್‌ವರ್ಡು, ಒಂದು ಕುರ್ಚಿ,
ಹರ್ಗೈರ್ ಬಿಟ್ಟುಹೋದ ಕಿವಿ ಮುರಿದ ಲೋಟ ಕೊಟ್ಟು.
ಹದಿನಾರು ವರ್ಷ ಇದನ್ನೆಲ್ಲ ಬರೆದವನು ಅವನೊಬ್ಬನೇ.
ಈಗ ಅವನ ಫೋನು ರಿಂಗಾಗುತ್ತದೆ,
ಎತ್ತುವುದಿಲ್ಲ.

ಮರ ಎನ್ನುತ್ತಾರೆ ಇದನ್ನು.
ನಮ್ಮ ದ್ವೀಪಗಳಲ್ಲಿ ಮರವೇ ಅಪರೂಪ.
ನಮ್ಮ ಬೀದಿಯಲ್ಲಿರುವುದು ಒಂಬತ್ತು,
ಗಾಳಿಗೆ ಗೋಡೆ ಕಟ್ಟಿ ಸಾಕಿದವು;
ನನಗೆ ಹತ್ತಿ ಅಭ್ಯಾಸವಿಲ್ಲ.
ಈ ಮರದ ಬೇರೋ ತಲೆಯ ಮೇಲೆ, ಕೊಂಬೆಯೆಲ್ಲ ಕೆಳಕ್ಕೆ.
ಹತ್ತುವವಳು ಇಳಿಯಬೇಕು.

ಇಳಿದೆ.
ಹೆಬ್ಬಾಗಿಲು ರೂಟ್ಸ್:
ಯಾರು ಬಂದರೆ ಯಾವ ಕೋಣೆಗೆ, ಒಂದೊಂದು ಸಾಲು.
"ಹರಾಜು ತೆರೆ" ಎಂಬ ಸಾಲಿನ ಬಾಲ ಹಿಡಿದು ಹೋದೆ.
ಕಂಟ್ರೋಲರ್ಸ್ ನನ್ನನ್ನು ಕೂರಿಸಿ, ವಿಚಾರಿಸಿ,
ಸರ್ವಿಸಸ್ ಕಡೆ ಕೈ ತೋರಿಸಿತು.
ಅಲ್ಲಿ ಅದೇ ಹೆಸರಿನ ಇನ್ನೊಂದು ಫೈಲು,
ಅದು ಮತ್ತೊಂದರ ಕಡೆ.
ಎಲ್ಲ ಕಚೇರಿಯೂ ಹೀಗೇ:
ಆ ಕಿಟಕಿಗೆ ಹೋಗಿ, ಇದು ನಮ್ಮದಲ್ಲ.

ಕಾನ್ಫಿಗ್‌ನಲ್ಲಿ ವೇಳೆ ನೋಡಿದೆ. ಐದು ಹದಿನೈದು.
ತಪ್ಪಿಲ್ಲ.
ಮಾಡೆಲ್ಸ್‌ನಲ್ಲಿ ಕಾಡ್, ಹ್ಯಾಡಕ್,
ಒಂದೊಂದಕ್ಕೂ ತೂಕ, ದೋಣಿ, ಎಷ್ಟು ಹಿಡಿ ಐಸು.
ಅಲ್ಲೂ ಇಲ್ಲ.
ಮೈಗ್ರೇಷನ್ಸ್‌ನಲ್ಲಿ ಮಾತ್ರ ದಾರಿ ಮರೆತು ಕೂತೆ.
ತಾರೀಖು ಹೊತ್ತ ಇನ್ನೂರು ಚಿಕ್ಕ ಫೈಲುಗಳು.
೨೦೦೯, ಜನವರಿ: 'ಬಿರುಗಾಳಿ' ಎಂಬ ಕಾಲಂ ಸೇರಿಸಿದೆ.
ಅದೇ ವಾರ: 'ಬಿರುಗಾಳಿ' ತೆಗೆದಿದೆ.
ಮರುವಾರ: ಮತ್ತೆ ಸೇರಿಸಿದೆ.
ಆ ಚಳಿಗಾಲ ನನಗೆ ಎಂಟು ವರ್ಷ.
ನಮ್ಮ ಶಾಲೆಯ ಸೂರು ಹಾರಿ
ಯಾರದೋ ಕುರಿದೊಡ್ಡಿಯ ಮೇಲೆ ಕೂತಿತ್ತು.

ಮಧ್ಯಾಹ್ನ, ಒಣಗಿಸಿದ ಕುರಿಮಾಂಸ, ಬ್ರೆಡ್ಡು.

ಪ್ರತಿ ಅಡುಗೆಮನೆಯಲ್ಲೂ ಒಂದು ಡ್ರಾಯರ್ ಇರುತ್ತದಲ್ಲ,
ದಾರದುಂಡೆ, ಸತ್ತ ಬ್ಯಾಟರಿ,
ಯಾವ ಬೀಗಕ್ಕೂ ಕೂರದ ಕೀಲಿಕೈ.
ಇಲ್ಲಿ ಅದರ ಹೆಸರು ಯುಟಿಲ್ಸ್.
ಅದರೊಳಗೆ ಹೆಲ್ಪರ್ಸ್.
ಅದರೊಳಗೆ 'ಹಳೆಯದು'.
ಅದರೊಳಗೆ 'ಹಳೆಯದು ೨'.
ಅದರೊಳಗೆ ಒಂದೇ ಒಂದು ಫೈಲು, ಮಿಕ್ಯಾಲ್ ಎಂದು.
ಏಳು ಸಾಲು. ತಿರುಳು ಇಷ್ಟೇ:
ತೆರೆಯುವ ಮುನ್ನ ನೂರ ಎಂಬತ್ತು ಸೆಕೆಂಡು ಸುಮ್ಮನಿರು.
ಮೇಲೆ ಹರ್ಗೈರನ ಕಾಮೆಂಟು:
"ಅವನ ಎಂಜಿನ್ನು ಮುದಿಯಾಗಿದೆ. ಇಷ್ಟೊತ್ತಿಗೆ
ತಿರುವಿನಲ್ಲಿ ಕಾಣಿಸಿಕೊಂಡಿರುತ್ತಾನೆ."

ದೋಣಿಗಳ ಪಟ್ಟಿ ತೆರೆದೆ.
ಮಿಕ್ಯಾಲನದು ೨೦೧೪ರಲ್ಲಿ ಮಾರಾಟ, ಶೆಟ್‌ಲ್ಯಾಂಡಿಗೆ.
ಹನ್ನೊಂದು ವರ್ಷ ಇಡೀ ಬಂದರು,
ಕ್ರೇನು, ತಕ್ಕಡಿ, ಕಡಲಹಕ್ಕಿ ಸಮೇತ,
ದಿನಕ್ಕೆ ಮೂರು ನಿಮಿಷ
ಬಾರದ ದೋಣಿಯ ದಾರಿ ಕಾದಿದೆ.

ಅಳಿಸಿದೆ. ಟೆಸ್ಟುಗಳೆಲ್ಲ ಹಸಿರಾದವು.
(ಇದ್ದವು ನಾಲ್ಕೇ.)

ಮರುದಿನ ಐದು ಹದಿನಾರಕ್ಕೆ ಫೋನು.
ಖರೀದಿದಾರ ತುಮ್ಮಸ್, ಏದುಸಿರು:
"ಯಾರಮ್ಮ ಅದು ಗಡಿಯಾರಕ್ಕೆ ಕೈ ಹಾಕಿದ್ದು?
ಹರಾಜು ಹದಿನೆಂಟಕ್ಕೆ ತಾನೇ?
ನನ್ನ ಕಾಫಿ ಇನ್ನೂ ತೊಟ್ಟಿಕ್ಕುತ್ತಿದೆ."
ಅವನ ಹಿಂದೆ ಇನ್ನೈದು ಫೋನು.
ಒಬ್ಬಳು ಈ ಮೂರು ನಿಮಿಷದಲ್ಲೇ
ದಿನವೂ ಅಮ್ಮನಿಗೆ ಮಾತ್ರೆ ಕೊಡುತ್ತಾಳಂತೆ.

ಸಂಜೆ ಹಿಂದಿರುಗಿಸಿದೆ.
ಆ ಡ್ರಾಯರಿಗಲ್ಲ. ಕಾನ್ಫಿಗ್‌ನಲ್ಲಿ, ಹಗಲ ಬೆಳಕಿನಲ್ಲಿ:
ಹರಾಜು, ಐದು ಹದಿನೆಂಟು.
ಪಕ್ಕದ ಕಾಮೆಂಟಿನಲ್ಲಿ "ಮಿಕ್ಯಾಲನಿಗೆ" ಎಂದು ಬರೆದೆ.
ಅಳಿಸಿ "ಕಾಫಿಗೆ" ಎಂದೆ.
ಬಹಳ ಹೊತ್ತು ಮಿನುಗುವ ಕರ್ಸರನ್ನು ನೋಡಿ
ಎರಡನ್ನೂ ಉಳಿಸಿದೆ.

"ಸಿಕ್ಕಿತಾ?" ಸುನ್ನೀವ ಕೋಟು ಹಾಕಿಕೊಳ್ಳುತ್ತ ಕೇಳಿದಳು.
ಸಿಕ್ಕಿತು ಎಂದೆ.
ಯಾವ ಫೋಲ್ಡರಿನಲ್ಲಿ ಎಂದು
ಅವಳು ಕೇಳಲಿಲ್ಲ.